ಅತ್ತೆಯವರ ಸೀರೆ, ಬಳಗದ ಕೌದಿ

ಧಾರವಾಡ ಸೀಮೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಕೌದಿ ಎಂದರೇನೆಂಬುದನ್ನು ಹೇಳಬೇಕಾದುದಿಲ್ಲ. ದೂರದ ಓದುಗರ ಸಲುವಾಗಿ ಇಷ್ಟು ಹೇಳಬಹುದು: ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ಅರಿವೆಯ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಅಂಚಿನವರೆಗೆ ಕೈಸೂಜಿಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಒಳಗೆ ಅರಳೆ ತುಂಬುವುದಿಲ್ಲ. ಪದರುಗಳ ನಡುವೆ ನಿಂತ ಗಾಳಿಯೇ ಮೈಯನ್ನು ಬೆಚ್ಚಗಿಡುತ್ತದೆ. ಬಾಣಂತಿಯ ಕೋಣೆಗೊಂದು, ತೊಟ್ಟಿಲಿಗೆ ಪುಟ್ಟದೊಂದು, ಬೀಗರು ಬಂದರೆ ಹಾಸಲೆಂದು ತೆಗೆದಿಟ್ಟ ಹೊಸದೊಂದು.

ನಾವಿಬ್ಬರು ಸೊಸೆಯಂದಿರು ಈ ಮನೆಗೆ ಬಂದ ಕಾಲಕ್ಕೆ ಅಂಥ ಒಂಬತ್ತು ಕೌದಿಗಳಿದ್ದುವು. ಅಂಗಡಿಯ ರಗ್ಗುಗಳು ಬಂದ ಮೇಲೆ ಅವು ಒಂದೊಂದಾಗಿ ಅಟ್ಟ ಸೇರಿದುವು. ಕೊನೆಯದು ಮೋಟಾರು ಒರೆಸುವ ಅರಿವೆಯಾಯಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

2016ರ ಶ್ರಾವಣದಲ್ಲಿ ನಮ್ಮ ಓಣಿಯ ಅಕ್ಕನ ಬಳಗದಲ್ಲಿ, ಸೋಮವಾರದ ಪ್ರಾರ್ಥನೆ ಮುಗಿದು ಪ್ರಸಾದ ಹಂಚುವ ಹೊತ್ತಿನಲ್ಲಿ ಕೌದಿಯ ಮಾತು ಬಂದಿತು. ದರ್ಜಿಯ ಅಂಗಡಿಯ ಮೂಲೆಯಲ್ಲಿ ಎಷ್ಟೊಂದು ತುಂಡು ಬಟ್ಟೆ! ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಕತ್ತರಿಸಿ ಉಳಿದ ಮೂಲೆಗಳು, ಪರಕಾರದ ಅಂಚುಗಳು, ಅಂಗಿಯ ತೋಳಿನ ಚೂರುಗಳು. ಎಲ್ಲವೂ ಕಸದ ಗಾಡಿಗೆ ಹೋಗುವುವು. ಅವನ್ನೇ ತಂದು ಹೊಲಿಯಬಾರದೇಕೆ? ಏಳು ಜನ ಒಪ್ಪಿದೆವು. ದರ್ಜಿಯವರು ಒಂದು ಚೀಲ ತುಂಬಿ, ಹಣ ಬೇಡವೆಂದು ಕೊಟ್ಟರು. ಸೂಜಿಕಾಯಕದ ರಾಮಿತಂದೆಗಳ ಹೆಸರು ನೆನೆದು ಸೂಜಿಗೆ ದಾರ ಪೋಣಿಸಿದೆವು. ಹೆಸರು ನಾಲಗೆಗೆ ಬಂದಷ್ಟು ಸುಲಭವಾಗಿ ಕಾಯಕವು ಕೈಗೆ ಬರಲಿಲ್ಲ.

ಬಳಗದವರೊಬ್ಬರ ಮಗಳು ಅಮೆರಿಕೆಯಿಂದ ಅಲ್ಲಿಯ ಕ್ವಿಲ್ಟುಗಳ ಚಿತ್ರಗಳನ್ನು ಕಳಿಸಿದ್ದಳು. ಅದರಂತೆ ಅಳತೆ ಹಿಡಿದು ಚೌಕಗಳನ್ನು ಕತ್ತರಿಸಿ, ಮಿಷಿನ್ನಿನಲ್ಲಿ ಕೂಡಿಸಿ, ನಡುವೆ ಕೆಂಪು ಖಣದ ಎಂಟು ಮೂಲೆಯ ನಕ್ಷತ್ರವನ್ನು ಕೂಡಿಸಿದೆವು. ಅದರ ಸುತ್ತ ಬಿಳಿಯ ಧೋತರ. ದಿನಕ್ಕೆ 2 ತಾಸಿನಂತೆ 11 ಮಧ್ಯಾಹ್ನ ಕುಳಿತೆವು. ಮುಗಿದಾಗ ನಮ್ಮ ಕೆಲಸಕ್ಕೆ ನಾವೇ ಬೆರಗಾದೆವು. ಗೆಳತಿಯೊಬ್ಬರ ಮೊಮ್ಮಗುವಿನ ನಾಮಕರಣಕ್ಕೆ ಉಡುಗೊರೆಯಾಗಿ ಕೊಟ್ಟೆವು.

ಒಂದೇ ಒಗೆತಕ್ಕೆ ಬಣ್ಣ ಬಯಲಾಯಿತು. ಖಣದ ಕೆಂಪು ಧೋತರದ ಬಿಳುಪಿಗೆಲ್ಲ ಹರಡಿತು. ಹೊಸ ಹತ್ತಿಯ ತುಂಡುಗಳು ಕುಗ್ಗಿದುವು. ಅವುಗಳ ನಡುವೆ ಸೇರಿದ್ದ ಟೆರಿಕಾಟ್ ಚೂರುಗಳು ಕುಗ್ಗಲಿಲ್ಲ. ಒಂದನ್ನೊಂದು ಜಗ್ಗಿ ನಮ್ಮ ನಕ್ಷತ್ರವು ಹುರಿದ ಹಪ್ಪಳದಂತೆ ಮುದುರಿಕೊಂಡಿತು. ಗೆಳತಿ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಹೆಚ್ಚು ಚುಚ್ಚಿತು.

ಆಗ ನೆನಪಾದವರು ನೆರೆಯ ಹಳ್ಳಿಯ ಅಜ್ಜಿ. ಹಿಂದೆ ಓಣಿ ಓಣಿ ತಿರುಗಿ, ಕರೆದವರ ಮನೆಯ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದವರು. ಮುದುರಿದ ಕೌದಿಯನ್ನು ಅವರ ಮುಂದೆ ಹಾಸಿದೆವು. ನಾವು ನಕ್ಷತ್ರವನ್ನು ತೋರಿಸುತ್ತಿದ್ದರೆ ಅಜ್ಜಿ ಕೌದಿಯನ್ನೇ ಬೋರಲು ಮಾಡಿ ಬೆನ್ನು ನೋಡಿದರು.

“ಇದು ಹೊಚ್ಕೊಳ್ಳಾಕೋ, ಗ್ವಾಡಿಗಿ ತೂಗ್ಹಾಕಾಕೋ, ಯವ್ವಾ?”

ಅಂದಿನಿಂದ ನಮ್ಮ ನಿಜವಾದ ಪಾಠ ಶುರುವಾಯಿತು. ಹೊಸ ತುಂಡುಗಳನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ಬೇರೆಯಾಗಿ ಒಗೆಯಬೇಕು. ಆಗಲೇ ಕುಗ್ಗುವಷ್ಟೂ ಕುಗ್ಗಿಬಿಡುತ್ತವೆ. ತುಂಡುಗಳನ್ನು ಬಣ್ಣ ನೋಡಿ ಆರಿಸುವುದಕ್ಕಿಂತ ಮೊದಲು ಬೆರಳಿನಲ್ಲಿ ಉಜ್ಜಿ ನೋಡಬೇಕು: ತೆಳುವಿಗೆ ತೆಳು, ದಪ್ಪಕ್ಕೆ ದಪ್ಪ. ಒಳಪದರಿಗೆ ನೂರು ಸಲ ಒಗೆತ ಕಂಡ ಹತ್ತಿಯೇ ಆಗಬೇಕು. ಅದರಲ್ಲಿ ಸೂಜಿ ತಾನಾಗಿ ನಡೆಯುತ್ತದೆ, ಮೈಗೂ ಹಿತ. ಹಾಸಿದ ಪದರುಗಳ ನಾಲ್ಕು ಮೂಲೆಗೆ ಕಲ್ಲು ಇಟ್ಟು, ಸುಕ್ಕು ಎಳೆದು, ಮೊದಲು ದೂರ ದೂರಕ್ಕೆ ದೊಡ್ಡ ಹೊಲಿಗೆ ಹಾಕಿ ಹಿಡಿದಿಡಬೇಕು. ಆಮೇಲೆ ಬೆರಳಗಲಕ್ಕೊಂದು ಸಾಲಿನಂತೆ ಸಾದಾ ಹೊಲಿಗೆ. ಅಜ್ಜಿಯ ಕೈಯಲ್ಲಿ ಅಳತೆಪಟ್ಟಿ ಇರಲಿಲ್ಲ. ಸಾಲು ಮಾತ್ರ ಎಲ್ಲಿಯೂ ಡೊಂಕಾಗಲಿಲ್ಲ.

ಹೊಲಿಯುವ ಕ್ರಮ ಎಲ್ಲೆಡೆಯೂ ಒಂದೇ ಎಂದಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯಲ್ಲಿ ಹೊಲಿಗೆಯು ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಿಗೆ ಬಟ್ಟೆಯನ್ನು ಮಡಿಸಿದ ‘ಫೂಲ’ ಇಡದೆ ಕವಂದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಆ ಕವಂದಿಗಳು ಅಮೆರಿಕೆಯಲ್ಲಿಯೂ ಪ್ರದರ್ಶನಗೊಂಡಿವೆ. ನಾವಾದರೋ ಅಮೆರಿಕೆಯ ಚಿತ್ರವನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೆವು!

ಅಜ್ಜಿಗೆ ಏನು ಕೊಡಬೇಕೆಂಬ ಪ್ರಶ್ನೆ ಬಂದಾಗ ಬಳಗದಲ್ಲಿ ಎರಡು ಮಾತಾಯಿತು. ‘ನಮ್ಮ ಅವ್ವಂದಿರ ಕಾಲಕ್ಕೆ ನಾಲ್ಕು ಸೇರು ಜೋಳ, ಒಂದು ಹಳೆಯ ಸೀರೆ ಕೊಟ್ಟರೆ ಮುಗಿಯುತ್ತಿತ್ತು’ ಎಂದರು ಒಬ್ಬರು. ‘ಅಷ್ಟು ಹಣಕ್ಕೆ ಅಂಗಡಿಯಲ್ಲಿ ರಗ್ಗೇ ಬರುತ್ತದಲ್ಲ’ ಎಂದರು ಇನ್ನೊಬ್ಬರು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿನಲ್ಲಿಯೂ ಅದೇ ಇತ್ತು. ಆದರೆ ಹಾಳಾದ ನಮ್ಮ ಕೌದಿಯ ಲೆಕ್ಕ ಹಾಕಿ ನೋಡಿದೆವು: 7 ಜನ, 2 ತಾಸು, 11 ದಿನ, ಒಟ್ಟು 154 ತಾಸು. ಅಜ್ಜಿ ಒಬ್ಬರೇ ಬೆಳಗಿನಿಂದ ಸಂಜೆಯವರೆಗೆ ಕುಳಿತು ಹತ್ತು ದಿನದಲ್ಲಿ ಒಂದು ಕೌದಿ ಮುಗಿಸುತ್ತಾರೆ. ಗಾರೆ ಕೆಲಸದ ಹೆಣ್ಣಾಳಿಗೆ ಕೊಡುವ ದಿನಗೂಲಿಯನ್ನಾದರೂ ಅವರಿಗೆ ಕೊಡದೆ, ಸಭೆಯಲ್ಲಿ ಕುಳಿತು ಕಾಯಕದ ಮಾತನಾಡುವುದು ಹೇಗೆ? ಹತ್ತು ದಿನದ ಕೂಲಿ ಮತ್ತು ಕಲಿಸಿದ್ದಕ್ಕೆ ಬೇರೆ ಎಂದು ನಿಶ್ಚಯವಾಯಿತು. ರಗ್ಗಿನ ಮಾತಾಡಿದವರು ದೀಪಾವಳಿಯವರೆಗೆ ಬಳಗಕ್ಕೆ ಬರಲಿಲ್ಲ.

ಈ ನಡುವೆ ನಮ್ಮ ಮನೆಯಲ್ಲಿಯೇ ಬೇರೊಂದು ತೊಡಕು ಎದ್ದಿತು. ಅತ್ತೆಯವರು 2014ರಲ್ಲಿ ಲಿಂಗೈಕ್ಯರಾದರು. ಅವರ ಟ್ರಂಕಿನಲ್ಲಿ ಒಂದು ಇಳಕಲ್ಲ ಸೀರೆ ಇತ್ತು. ಅದರ ಹತ್ತಿಯ ಒಡಲು ಮಡಿಕೆ ಮಡಿಕೆಗೂ ಸೀಳಿತ್ತು. ಕೆಂಪು ರೇಷ್ಮೆಯ ಸೆರಗು ಮಾತ್ರ ಗಟ್ಟಿಯಾಗಿತ್ತು. ಇಳಕಲ್ಲಿನ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಮಗ್ಗದ ಮೇಲೆಯೇ ಕುಣಿಕೆ ಹಾಕಿ ಕೂಡಿಸುತ್ತಾರೆ. ಆ ಕೂಡಿಸಿದ ಜಾಗ ಒಂದೆಳೆಯೂ ಬಿಟ್ಟಿರಲಿಲ್ಲ. ಸೆರಗನ್ನು ಕತ್ತರಿಸಿ ಮಕ್ಕಳ ಕೌದಿಗಳಿಗೆ ಹಂಚೋಣವೆಂದು ನಾವಿಬ್ಬರು ಮಾತಾಡಿಕೊಂಡೆವು. ಅದು ನಾದಿನಿಯ ಕಿವಿಗೆ ಬಿದ್ದಿತು.

“ಅವ್ವನ ಸೀರಿಗೆ ಕತ್ತರಿ ಹಾಕಿದರ ನಾ ಈ ಮನಿ ಹೊಸ್ತಲಾ ತುಳಿಯೂದಿಲ್ಲ ನೋಡ್ರಿ ವೈನಿ,” ಎಂದು ಫೋನು ಇಟ್ಟುಬಿಟ್ಟರು. ಆ ವರ್ಷ ಮಹಾನವಮಿಗೂ ಅವರು ಬರಲಿಲ್ಲ. ನಮಗೂ ಸಿಟ್ಟು ಬಂದಿತ್ತು: ಟ್ರಂಕಿನಲ್ಲಿ ಹುಳು ತಿಂದರೆ ಅವ್ವನಿಗೆ ಗೌರವವೆ? ಎರಡು ವರ್ಷ ಬೇಕೆಂದಷ್ಟೇ ಮಾತು.

ಅಜ್ಜಿಗೆ ಸೀರೆಯನ್ನು ತೋರಿಸಿದ್ದು ಬೇರೆ ಯಾವುದೋ ನೆವದಿಂದ. ಅವರು ಅದನ್ನು ಬಿಡಿಸಿ, ಸೀಳುಗಳ ಮೇಲೆ ಕೈಯಾಡಿಸಿ, “ಕತ್ತರಿ ಯಾಕ ಬೇಕು? ಇಡೀ ಸೀರಿ ಒಳಗ ಹಾಸ್ರಿ,” ಎಂದರು.

ಇಷ್ಟು ಸರಳವಾದ ಮಾತು ನಮಗೇಕೆ ಹೊಳೆದಿರಲಿಲ್ಲ! ತುಂಡುಗಳ ಚೆಂದದ ಹಿಂದೆ ಬಿದ್ದ ನಮಗೆ ಕೌದಿಯೆಂದರೆ ಮೇಲೆ ಕಾಣುವುದಷ್ಟೇ ಆಗಿತ್ತು. ನಾದಿನಿಗೆ ನಾವೇ ಫೋನು ಮಾಡಿದೆವು. 2018ರ ಮಾಘದಲ್ಲಿ ಬಂದರು. ಒಂದು ಚೀಲದಲ್ಲಿ ತಮ್ಮ ಮಕ್ಕಳು ಚಿಕ್ಕಂದಿನಲ್ಲಿ ತೊಟ್ಟ ಅಂಗಿ, ಲಂಗಗಳನ್ನು ತಂದಿದ್ದರು. ಸೀರೆಯನ್ನು ಎರಡು ಮಡಿಕೆಯಾಗಿ, ಸೆರಗು ತಲೆಯ ಕಡೆ ಬರುವಂತೆ ಅವರ ಕೈಯಿಂದಲೇ ಹಾಸಿಸಿದೆವು. ಮೇಲೆ ಮಕ್ಕಳ ಅರಿವೆಯ ತುಂಡುಗಳು. ಅಜ್ಜಿಗೆ ಆಗಲೇ ಕಣ್ಣು ಮಂಜಾಗಿತ್ತು. ನಾವು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆವು, ಅವರು ಹೊಲಿಯುತ್ತಿದ್ದರು. ಮೂರನೆಯ ದಿನ ನಾದಿನಿ ತಾವೂ ಒಂದು ಸಾಲು ಹಿಡಿದರು. ಆ ಸಾಲು ಡೊಂಕಾಗಿದೆ. ಬಿಚ್ಚಿ ಹಾಕಲು ಅಜ್ಜಿ ಬಿಡಲಿಲ್ಲ.

ಆ ಕೌದಿ ನಮ್ಮ ಮನೆಯಲ್ಲಿಯೇ ಇದೆ. ಮಹಾನವಮಿಯ ಮುಂದೆ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವ ದಿನ ನಾದಿನಿ ತಪ್ಪದೆ ಬರುತ್ತಾರೆ. ನೀರು ಕುಡಿದ ಕೌದಿ ಒಬ್ಬರ ಕೈಯಲ್ಲಿ ಹಿಂಡಲಾಗದು. ಅವರು ಒಂದು ತುದಿ ಹಿಡಿದು ಬಲಕ್ಕೆ ತಿರುವುತ್ತಾರೆ, ನಾವಿಬ್ಬರು ಇನ್ನೊಂದು ತುದಿ ಹಿಡಿದು ಎಡಕ್ಕೆ.