ನೆಲ ಡೊಂಕೋ, ಕುಣಿಯಲು ಬಾರದೋ?

2015ರ ಜೂನ್ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಬೇ ಎಂಬಲ್ಲಿ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ನಡೆಯಿತು. ಕುಳಿಯ ಸುತ್ತ ಚೆಂಡನ್ನು ಉರುಳಿಸಲೆಂದೇ ಗಿಡ್ಡಗೆ ಕತ್ತರಿಸಿಟ್ಟ ಹುಲ್ಲುಹಾಸಿಗೆ ಆ ಆಟದಲ್ಲಿ ‘ಗ್ರೀನ್’ ಎಂದು ಹೆಸರು. ಇಲ್ಲಿನ ಗ್ರೀನ್ ಮೇಲೆ ಆಡುವುದೆಂದರೆ ಬ್ರಾಕೊಲಿಯ ಮೇಲೆ ಚೆಂಡು ಉರುಳಿಸಿದ ಹಾಗೆ ಎಂದು ಸ್ವೀಡನ್ನಿನ ಹೆನ್ರಿಕ್ ಸ್ಟೆನ್ಸನ್ ಗೊಣಗಿದರು. ಬ್ರಾಕೊಲಿಯಷ್ಟು ಹಸಿರೂ ಇಲ್ಲ, ಹೂಕೋಸು ಎನ್ನಬಹುದು ಎಂದು ಉತ್ತರ ಐರ್ಲೆಂಡಿನ ರೋರಿ ಮೆಕಿಲ್ರಾಯ್ ತಿದ್ದುಪಡಿ ಸೂಚಿಸಿದರು.

ಈ ಸುದ್ದಿಯನ್ನು ನಮ್ಮ ಪಿ.ಟಿ. ಮೇಷ್ಟ್ರಿಗೆ ಹೇಳಿದೆ. ಅವರು ಪ್ರತಿ ದಿನ ಬೆಳಿಗ್ಗೆ ಮಕ್ಕಳಿಂದ ಕಲ್ಲು ಆರಿಸಿ, ನೀರು ಚಿಮುಕಿಸಿ, ಆಮೇಲೆ ಕಬಡ್ಡಿ ಆಡಿಸುವವರು. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಬಿಡಿ ಸಾರ್. ಕೋಟಿಗಟ್ಟಲೆ ದುಡಿಯೋರಿಗೆ ಹುಲ್ಲು ಚುಚ್ಚುತ್ತೇನು?’ ಎಂದರು.

ಗಾದೆ ಸೊಗಸಾಗಿದೆ. ಆದರೆ ವಿಜ್ಞಾನ ಕಲಿಸುವವನಿಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ನೆಲ ನಿಜವಾಗಿಯೂ ಡೊಂಕಾಗಿತ್ತೇ ಎಂದು ಯಾರೂ ಅಳೆದು ನೋಡಿದಂತಿಲ್ಲ! ನಾನು ಗಾಲ್ಫ್ ಆಡಿದವನಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಎರಡು ಹಳೆಯ ಚೆಂಡುಗಳನ್ನು ತಂದುಕೊಟ್ಟಿದ್ದ. ಅವುಗಳಿಂದ ಶುರುವಾದ ಕುತೂಹಲ ಇದು.

ಮೊದಲು ಈ ಆಟದ ನೆಲದ ಪೂರ್ವೋತ್ತರ ಕೇಳಿ. ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳಲ್ಲಿ, ಕುರಿಗಳೂ ಮೊಲಗಳೂ ಮೇಯ್ದು ಗಿಡ್ಡವಾದ ಹುಲ್ಲಿನ ಮೇಲೆ ಬೆಳೆದ ಆಟ ಇದು. ಗಾಳಿಯಿಂದ ತಪ್ಪಿಸಿಕೊಳ್ಳಲು ಕುರಿಗಳು ಮಲಗಿ ಮಲಗಿ ಸವೆದ ತಗ್ಗುಗಳೇ ಇಂದಿನ ಮರಳುಗುಂಡಿ, ಅಂದರೆ ‘ಬಂಕರ್’ ಆದವು ಎಂದು ಹೇಳುವುದುಂಟು. 1744ರಲ್ಲಿ ಲೀತ್ ಎಂಬಲ್ಲಿನ ಆಟಗಾರರು ಬರೆದಿಟ್ಟ 13 ನಿಯಮಗಳಲ್ಲಿ ಮೊದಲನೆಯದೇ ಸ್ವಾರಸ್ಯಕರ. ಮುಂದಿನ ಸುತ್ತಿನ ಮೊದಲ ಹೊಡೆತವನ್ನು ಹಿಂದಿನ ಕುಳಿಯಿಂದ ಒಂದು ದಾಂಡಿನ ಉದ್ದದೊಳಗೇ ಹೊಡೆಯಬೇಕಂತೆ. ಎಂದರೆ ಕುಳಿಯ ಸುತ್ತಲಿನ ನೆಲವನ್ನು ಎಲ್ಲರೂ ತುಳಿದು, ಅಲ್ಲೇ ದಾಂಡು ಬೀಸಿ ಹೋಗುತ್ತಿದ್ದರು. ಆ ನೆಲ ಹೇಗಿದ್ದಿರಬಹುದು, ನೀವೇ ಊಹಿಸಿ. ಚೆಂಡು ಬಿದ್ದ ಹಾಗೇ ಆಡಬೇಕು ಎಂಬುದು ಆಟದ ಮೂಲಮಂತ್ರವಾಗಿತ್ತು.

ಈಗ ಜಾರ್ಜಿಯಾ ರಾಜ್ಯದ ಆಗಸ್ಟಾ ಮೈದಾನಕ್ಕೆ ಬನ್ನಿ. 1934ರಿಂದ ಮಾಸ್ಟರ್ಸ್ ಪಂದ್ಯ ನಡೆಯುವ ಸ್ಥಳ. ಇಲ್ಲಿ ಗ್ರೀನ್‌ಗಳ ಕೆಳಗೆ ಕೊಳವೆಗಳ ಜಾಲವಿದೆ. ಮಳೆ ಬಂದರೆ ಯಂತ್ರ ತೇವವನ್ನು ಕೆಳಗಿನಿಂದ ಹೀರಿಬಿಡುತ್ತದೆ. ಬೇಕೆಂದಾಗ ಬೇರುಗಳಿಗೆ ಗಾಳಿ ಊದುತ್ತದೆ. ಬಂಕರುಗಳ ಬೆಳ್ಳನೆಯ ‘ಮರಳು’ ನಾರ್ತ್ ಕ್ಯಾರೊಲಿನಾದ ಸ್ಪ್ರೂಸ್ ಪೈನ್ ಗಣಿಗಳ ಕ್ವಾರ್ಟ್ಜ್. ಕಂಪ್ಯೂಟರ್ ಚಿಪ್‌ಗಳಿಗೆ ಬೇಕಾದ ಸಿಲಿಕಾನ್ ಕರಗಿಸುವ ಮೂಸೆಗಳಿಗೂ ಅದೇ ಸೀಮೆಯ ಶುದ್ಧ ಕ್ವಾರ್ಟ್ಜ್ ಬೇಕು! ಬೇಸಿಗೆ ಬಂತೆಂದರೆ ಸದಸ್ಯರಿಗೂ ಪ್ರವೇಶವಿಲ್ಲ, ಮೈದಾನ ತಿಂಗಳುಗಟ್ಟಲೆ ಬಾಗಿಲು ಹಾಕುತ್ತದೆ. ಇಂಥ ಕಡೆ ಆಡಿ ಬಂದವರು ಹೂಕೋಸು ಎಂದು ಗೊಣಗಿದರೆ ನಮ್ಮ ಪಿ.ಟಿ. ಮೇಷ್ಟ್ರಿಗೆ ಸಿಟ್ಟು ಬರುವುದು ಸಹಜವೇ.

ಆದರೆ ಅಳೆಯುವ ಮಾತು ಉಳಿಯಿತಲ್ಲ. ಗ್ರೀನ್ ಅಳೆಯಲು ಒಂದು ಉಪಕರಣವಿದೆ, ಹೆಸರು ಸ್ಟಿಂಪ್‌ಮೀಟರ್. 1935ರಲ್ಲಿ ಓಕ್‌ಮಾಂಟ್ ಎಂಬಲ್ಲಿ ಪಂದ್ಯ ನೋಡುತ್ತಿದ್ದ ಎಡ್ವರ್ಡ್ ಸ್ಟಿಂಪ್ಸನ್ ಎಂಬವರು, ಜೀನ್ ಸಾರಜೆನ್‌ರಂಥ ಪಳಗಿದ ಆಟಗಾರ ಉರುಳಿಸಿದ ಚೆಂಡು ಗ್ರೀನ್ ದಾಟಿಯೇ ಹೋದದ್ದನ್ನು ಕಂಡರು. ತಪ್ಪು ಆಟಗಾರನದೋ ನೆಲದ್ದೋ ಎಂಬ ಪ್ರಶ್ನೆ ಅವರಿಗೂ ಬಂತು. ಪರಿಹಾರ ಎಷ್ಟು ಸರಳ ನೋಡಿ: ಮೂರು ಅಡಿ ಉದ್ದದ ತೋಡುಪಟ್ಟಿ, ಅದರಲ್ಲೊಂದು ಕಚ್ಚು, ಕಚ್ಚಿನಲ್ಲಿ ಚೆಂಡು. ಪಟ್ಟಿಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನೇ ಜಾರಿ ಉರುಳುತ್ತದೆ. ಎಷ್ಟು ಅಡಿ ಹೋಯಿತೋ ಅದೇ ಆ ಗ್ರೀನ್‌ನ ‘ವೇಗ’. ಎರಡೂ ದಿಕ್ಕಿಗೆ ಮೂರು ಮೂರು ಸಲ ಉರುಳಿಸಿ ಸರಾಸರಿ ತೆಗೆಯುತ್ತಾರೆ, ನಮ್ಮ ಪ್ರಯೋಗಶಾಲೆಯ ಕ್ರಮವೇ.

ಪಟ್ಟಿಯಿಂದ ಇಳಿಯುವಾಗ ಚೆಂಡಿನ ವೇಗ ಸೆಕೆಂಡಿಗೆ ಸುಮಾರು 6 ಅಡಿ. ಒಂಬತ್ತನೇ ತರಗತಿಯ ಸೂತ್ರ ನೆನಪಿದೆಯೆ? ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಋಣ ವೇಗೋತ್ಕರ್ಷ ಸಿಗುತ್ತದೆ. 6 ಅಡಿ ಉರುಳಿದರೆ ಅದು 3, 12 ಅಡಿ ಉರುಳಿದರೆ ಒಂದೂವರೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮೈದಾನಗಳಲ್ಲಿ ಚೆಂಡು ಆರೂವರೆ ಅಡಿಯ ಆಸುಪಾಸು ಉರುಳುತ್ತಿತ್ತು. ಈಗಿನ ದೊಡ್ಡ ಪಂದ್ಯಗಳಲ್ಲಿ 12, 13 ಅಡಿ. ಚೆಂಡನ್ನು ಹಿಡಿದು ನಿಲ್ಲಿಸುವ ಹುಲ್ಲಿನ ಶಕ್ತಿ ಅರ್ಧಕ್ಕೆ ಇಳಿದಿದೆ.

ನಾನು ಹಾರ್ಡ್‌ವೇರ್ ಅಂಗಡಿಯಿಂದ ಮೂರು ಅಡಿಯ ಎರಡು ಅಲ್ಯುಮಿನಿಯಂ ಆಂಗಲ್ ತಂದು ಮಕ್ಕಳ ಕೈಗೆ ಕೊಟ್ಟೆ. ಒಂದರ ತುದಿಯನ್ನು ಎರಡು ಪುಸ್ತಕದ ಮೇಲೆ, ಇನ್ನೊಂದನ್ನು ಅದೇ ಎರಡು ಪುಸ್ತಕ ಮತ್ತು ಒಂದು ತೆಳು ನೋಟ್‌ಬುಕ್ಕಿನ ಮೇಲೆ ಇಡಿಸಿದೆ. ಸ್ವಲ್ಪ ಎತ್ತರದ್ದು ಜಾಣ ಆಟಗಾರ, ತಗ್ಗಿನದು ಸಾಧಾರಣ ಆಟಗಾರ ಎಂದುಕೊಳ್ಳಿ. ಸಭಾಂಗಣದ ನೆಲದ ಮೇಲೆ ಜಮಖಾನ ಹಾಸಿ ಉರುಳಿಸಿದಾಗ ಹತ್ತಕ್ಕೆ ಹತ್ತು ಸಲವೂ ಜಾಣನ ಚೆಂಡೇ ಮುಂದೆ. ಅದೇ ಪ್ರಯೋಗವನ್ನು ಶಾಲೆಯ ಬಯಲಿನ ಹುಲ್ಲಿನ ಮೇಲೆ ಮಾಡಿದರೆ, ಹತ್ತರಲ್ಲಿ ನಾಲ್ಕು ಸಲ ಸಾಧಾರಣನೇ ಗೆದ್ದ! ಗರಿಕೆಯ ಒಂದು ಬುಡ, ಒಂದು ಹರಳು, ಅಷ್ಟು ಸಾಕಾಯಿತು. ‘ಸರ್, ಒಂದೊಂದು ಸಲ ಒಂದೊಂದು ಬರ್ತಿದೆ, ಯಾವ ರೀಡಿಂಗ್ ಬರೀಲಿ?’ ಎಂದು ಒಬ್ಬ ಹುಡುಗಿ ಕೇಳಿದಳು. ಎಲ್ಲವನ್ನೂ ಬರಿ ಎಂದೆ.

ಆ ಹತ್ತು ರೀಡಿಂಗುಗಳಲ್ಲಿ ವೃತ್ತಿಪರ ಗಾಲ್ಫ್ ಆಟಗಾರನ ಅಳಲು ಇದೆ. ಅವನು ಸುಖಕ್ಕಾಗಿ ನುಣುಪು ನೆಲ ಕೇಳುತ್ತಾನೆ ಎಂದು ನಾವು ತಿಳಿಯುತ್ತೇವೆ. ಕೌಶಲದ ವ್ಯತ್ಯಾಸ ಬಹಳ ಸಣ್ಣದಾದಾಗ ಒರಟು ನೆಲದಲ್ಲಿ ಅದು ಮುಚ್ಚಿಹೋಗುತ್ತದೆ, ಇದೇ ಅವನ ತಕರಾರು. ಹೊರಗೆ ಕೂತು ಹೇಳುವವರಿಗೆ ಇದು ಸಣ್ಣ ಮಾತು. ಅಮೆರಿಕದ ವಾರವಾರದ ಪಂದ್ಯಗಳಲ್ಲಿ ಸಾಮಾನ್ಯವಾಗಿ ಎರಡು ದಿನದ ನಂತರ ಸುಮಾರು ಅರ್ಧದಷ್ಟು ಆಟಗಾರರನ್ನು ಮನೆಗೆ ಕಳಿಸುತ್ತಾರೆ, ಬಹುಮಾನದ ಹಣವಿಲ್ಲದೆ. ಒಂದೇ ಹೊಡೆತದಲ್ಲಿ ಹೊರಬಿದ್ದವನು ವಿಮಾನದ ಖರ್ಚು, ಚೀಲ ಹೊರುವ ಕ್ಯಾಡಿಯ ಕೂಲಿ ಎಲ್ಲವನ್ನೂ ಕೈಯಿಂದ ಕೊಡಬೇಕು. ಅಗ್ರ ಹತ್ತು ಮಂದಿಗೆ ಇದು ಲೆಕ್ಕಕ್ಕಿಲ್ಲ. ನೂರನೆಯವನಿಗೆ ಮನೆ ನಡೆಯುವ ಪ್ರಶ್ನೆ.

ಚೇಂಬರ್ಸ್ ಬೇಯಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು. ಹಳೆಯ ಮರಳು–ಜಲ್ಲಿ ಗಣಿಯ ಜಾಗದಲ್ಲಿ ಮಾಡಿದ ಈ ಮೈದಾನದಲ್ಲಿ ಫೆಸ್ಕ್ಯೂ ಎಂಬ ಹುಲ್ಲು ಬೆಳೆಸಿದ್ದರು. ಅದರ ನಡುವೆ ‘ಪೋವಾ ಆನುವಾ’ ಎಂಬ ಇನ್ನೊಂದು ಹುಲ್ಲು ಕರೆಯದೆ ಬಂದು ಸೇರಿತು. ಎರಡರ ಬೆಳವಣಿಗೆಯ ಗತಿ ಬೇರೆ. ಪೋವಾ ಬೇಗ ತೆನೆ ಬಿಡುತ್ತದೆ. ಬೆಳಿಗ್ಗೆ ಸಮವಾಗಿ ಕತ್ತರಿಸಿದ್ದು ಮಧ್ಯಾಹ್ನಕ್ಕೆ ಉಬ್ಬುತಗ್ಗು. ಕೊನೆಯ ದಿನ, ಕೊನೆಯ ಕುಳಿ. ಡಸ್ಟಿನ್ ಜಾನ್ಸನ್ ಸುಮಾರು 12 ಅಡಿಯ ಹೊಡೆತ ಕುಳಿಗೆ ಹಾಕಿದ್ದರೆ ಪ್ರಶಸ್ತಿ ಅವರದು. ತಪ್ಪಿತು. ಮರಳಿ ಉರುಳಿಸಿದ ನಾಲ್ಕು ಅಡಿಯದೂ ತಪ್ಪಿತು. ಜೋರ್ಡನ್ ಸ್ಪೀತ್ ಒಂದು ಹೊಡೆತದ ಅಂತರದಲ್ಲಿ ಗೆದ್ದರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಲೆಕ್ಕವನ್ನೂ ಕೊಡಬೇಕು. ಅದೇ ಹೂಕೋಸಿನ ಮೇಲೆ ದಕ್ಷಿಣ ಆಫ್ರಿಕದ ಲೂಯಿ ಊಸ್ಟ್‌ಹೈಜನ್ ಮೊದಲ ದಿನ 77 ಹೊಡೆತ ತೆಗೆದುಕೊಂಡರು. ಮುಂದಿನ ಮೂರು ದಿನ 66, 66, 67. ಜಾನ್ಸನ್ ಜೊತೆ ಎರಡನೇ ಸ್ಥಾನ ಹಂಚಿಕೊಂಡರು. ನಾಲ್ಕು ದಿನ, 72 ಕುಳಿಗಳೆಂದರೆ ರೀಡಿಂಗುಗಳು ಸಾಕಷ್ಟು ಆಗುತ್ತವೆ. ಅದೃಷ್ಟದ ಏರಿಳಿತ ಕೊಂಚ ಸಮವಾಗುತ್ತದೆ. ಹತ್ತು ಸಲದ ಬದಲು ನೂರು ಸಲ ಉರುಳಿಸಿದ್ದರೆ ನಮ್ಮ ಬಯಲಿನಲ್ಲೂ ಜಾಣನೇ ಮುಂದಿರುತ್ತಿದ್ದ.

ಪರಿಪೂರ್ಣ ನೆಲಕ್ಕೂ ಅದರದೇ ತಾಪತ್ರಯಗಳಿವೆ. ಅದೇ 2015ರ ಜುಲೈಯಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ನಡೆಯುವಾಗ ಶನಿವಾರ ಜೋರು ಗಾಳಿ. ಇಟ್ಟ ಚೆಂಡು ಗ್ರೀನ್ ಮೇಲೆ ತಾನಾಗಿಯೇ ಚಲಿಸತೊಡಗಿತು! ಹತ್ತು ಗಂಟೆಗೂ ಮಿಕ್ಕಿ ಆಟ ನಿಂತು, ಪಂದ್ಯ ಸೋಮವಾರಕ್ಕೆ ಮುಗಿಯಿತು. ಕುರಿ ಮೇಯ್ದ ಹುಲ್ಲಾಗಿದ್ದರೆ ಚೆಂಡನ್ನು ಹಿಡಿದುಕೊಂಡಿರುತ್ತಿತ್ತು. ಮರುವರ್ಷ ಓಕ್‌ಮಾಂಟ್‌ನಲ್ಲಿ ಜಾನ್ಸನ್ ಇನ್ನೇನು ಉರುಳಿಸಬೇಕು ಎನ್ನುವಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಅಧಿಕಾರಿಗಳು ಒಂದು ಹೊಡೆತದ ದಂಡ ಹಾಕಿದರು. ಆದರೂ ಅವರೇ ಗೆದ್ದರು, ಹಿಂದಿನ ವರ್ಷದ ಸಾಲ ತೀರಿತು. 2017ರಿಂದ ಇಂಥ ಆಕಸ್ಮಿಕ ಚಲನೆಗೆ ದಂಡವಿಲ್ಲ ಎಂದು ನಿಯಮ ಸಡಿಲಿಸಿದರು. ಮೊದಲು ನೆಲವನ್ನು ಆಟಗಾರನಿಗಾಗಿ ನುಣುಪು ಮಾಡಿ, ನಂತರ ಆ ನುಣುಪಿಗಾಗಿ ನಿಯಮವನ್ನೇ ತಿದ್ದಬೇಕಾಯಿತು.

ಹಾಗಾದರೆ ಇವರು ಮುದ್ದಿನಿಂದ ಕೆಟ್ಟವರೇ? ಗ್ರೀನ್ ವಿಷಯದಲ್ಲಿ ನಾನು ಆಟಗಾರರ ಪಕ್ಷ. ಅದು ಅಳತೆಯ ಜಾಗ, ತಕ್ಕಡಿ ಸರಿಯಿರಲಿ ಎಂದು ಕೇಳುವುದು ತಪ್ಪಲ್ಲ. ಬಂಕರ್ ವಿಷಯದಲ್ಲಿ ಮಾತ್ರ ಪಿ.ಟಿ. ಮೇಷ್ಟ್ರ ಕಡೆಗೆ ವಾಲುತ್ತೇನೆ. ಬಂಕರ್ ಇರುವುದೇ ತಪ್ಪು ಹೊಡೆದವನಿಗೆ ಶಿಕ್ಷೆಯಾಗಲಿ ಎಂದು. ಈಗ ಅಲ್ಲಿನ ಮರಳೂ ಜರಡಿ ಹಿಡಿದಂತಿರುತ್ತದೆ, ಪ್ರತಿ ಸಲ ಕುಂಟೆಯಿಂದ ಸಮ ಮಾಡಿರುತ್ತಾರೆ. ವೃತ್ತಿಪರರು ಅರ್ಧದಷ್ಟು ಸಲ ಅಲ್ಲಿಂದ ಎರಡೇ ಹೊಡೆತದಲ್ಲಿ ಕುಳಿ ಸೇರಿಸುತ್ತಾರೆ. ಎತ್ತರದ ಹುಲ್ಲಿಗಿಂತ ಬಂಕರಿಗೇ ಬೀಳಲಿ ಎಂದು ಹಾರೈಸುವುದೂ ಉಂಟು. 2006ರಲ್ಲಿ ಜ್ಯಾಕ್ ನಿಕ್ಲಾಸ್ ಒಹಾಯೊದ ತಮ್ಮ ಮೈದಾನದಲ್ಲಿ ಮೆಮೋರಿಯಲ್ ಪಂದ್ಯ ನಡೆಸುವಾಗ, ಹಲ್ಲು ವಿರಳವಾದ ಕುಂಟೆಗಳಿಂದ ಮರಳಿನಲ್ಲಿ ಸಾಲು ಬಿಡಿಸಿದರು, ಉತ್ತ ಹೊಲದ ಹಾಗೆ. ಏನು ಕೂಗಾಟ! ಓಕ್‌ಮಾಂಟ್‌ನಲ್ಲಿ ಹಿಂದೆ ದಶಕಗಟ್ಟಲೆ ಇಂಥ ಸಾಲುಗಳಲ್ಲೇ ಆಡಿದ್ದರು. ಇಲ್ಲಿ ಯಾರ ಕೌಶಲವೂ ಮುಚ್ಚಿಹೋಗುವುದಿಲ್ಲ. ಇಂಥ ಮರಳಿನಿಂದ ಚೆಂಡು ಎತ್ತುವುದೇ ಬೇರೊಂದು ಕೌಶಲ, ಅದನ್ನು ಕಲಿಯುವ ಸಂದರ್ಭ ಹಲವರಿಗೆ ಬಂದಿಲ್ಲ, ಅಷ್ಟೆ.

ಕಲಿತವರೂ ಇದ್ದಾರೆ. ಸ್ಪೇನಿನ ಪೆಡ್ರೆನ್ಯಾ ಎಂಬ ಊರಿನ ಹುಡುಗ ಸೆವೆ ಬಾಯೆಸ್ಟೆರೋಸ್ ಒಂದೇ ಒಂದು ದಾಂಡು ಹಿಡಿದು ಕಡಲತೀರದ ಮರಳಿನಲ್ಲಿ ಆಟ ಕಲಿತ. ಎತ್ತರಕ್ಕೂ ಅದೇ ದಾಂಡು, ದೂರಕ್ಕೂ ಅದೇ. 1979ರಲ್ಲಿ ಬ್ರಿಟಿಷ್ ಓಪನ್‌ನ ಕೊನೆಯ ದಿನ 16ನೇ ಕುಳಿಗೆ ಹೊಡೆದ ಚೆಂಡು ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ ಬಿತ್ತು. ಕಾರುಗಳ ನಡುವಿನಿಂದ ಚೆಂಡು ಎತ್ತಿ ಪಕ್ಕದಲ್ಲಿ ಬಿಡಲು ಅನುಮತಿ ಸಿಕ್ಕಿತು. ಅಲ್ಲಿಂದ ಗ್ರೀನ್ ತಲುಪಿಸಿ, ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲೇ ಕುಳಿ ಮುಗಿಸಿ, ಪ್ರಶಸ್ತಿ ಗೆದ್ದ. ಆಗ ವಯಸ್ಸು 22. ಮಗನಿಗೆ ಅಕಾಡೆಮಿ, ದಾಂಡುಗಳ ಪೂರಾ ಸೆಟ್ಟು, ಕೋಚು ಎಂದು ಓಡಾಡುವ ತಂದೆತಾಯಂದಿರು ಈ ಹುಡುಗನ ಬಗ್ಗೆ ಓದಬೇಕು. ಹಾಗೆಂದು ಮರಳಿಗೆ ಇಳಿದವರೆಲ್ಲ ಬಾಯೆಸ್ಟೆರೋಸ್ ಆಗಲಿಲ್ಲ, ಅದೂ ಗೊತ್ತಿರಲಿ.

ಮುದ್ದಿನ ಬಿಸಿ ನಿಜವಾಗಿ ತಟ್ಟುವುದು ಬೇರೆಯವರಿಗೆ. ನನ್ನ ವಿದ್ಯಾರ್ಥಿಗೆ ವರ್ಷದಲ್ಲಿ ಅತಿ ಕಷ್ಟದ ತಿಂಗಳು ಏಪ್ರಿಲ್. ಬೆಂಗಳೂರಿನಲ್ಲಿ ಬಿಸಿಲು, ನೀರಿಗೆ ತತ್ವಾರ. ಸರಿಯಾಗಿ ಆಗಲೇ ಟಿ.ವಿ.ಯಲ್ಲಿ ಮಾಸ್ಟರ್ಸ್ ಬರುತ್ತದೆ. ಸೋಮವಾರ ಬಂದ ಸದಸ್ಯರು ಕೇಳುತ್ತಾರಂತೆ, ಅಲ್ಲಿ ಹಾಗಿದೆ, ನಮ್ಮದು ಯಾಕೆ ಹೀಗಿದೆ ಎಂದು. ಹುಲ್ಲನ್ನು ಇನ್ನೂ ಗಿಡ್ಡ ಮಾಡಿ, ಇನ್ನೂ ವೇಗ ಮಾಡಿ ಎಂಬ ಒತ್ತಾಯ ಬೇರೆ. ಎಲೆ ಕಡಿಮೆಯಾದಷ್ಟೂ ಗಿಡ ತಯಾರಿಸಿಕೊಳ್ಳುವ ಆಹಾರ ಕಡಿಮೆ, ಬೇರು ಮೇಲೆ ಬರುತ್ತದೆ, ಬಾಯಾರಿಕೆ ಹೆಚ್ಚುತ್ತದೆ, ರೋಗ ಹಿಡಿಯುತ್ತದೆ. ಏಳನೇ ತರಗತಿಯ ಪಾಠ ಸರ್ ಇದು, ಅವರಿಗೆ ಹೇಗೆ ಹೇಳಲಿ ಎನ್ನುತ್ತಾನೆ.

ಎತ್ತರದಿಂದ ಬಂದ ಚೆಂಡು ಗ್ರೀನ್ ಮೇಲೆ ಬಿದ್ದಾಗ ಸಣ್ಣ ಕುಳಿ ಬೀಳುತ್ತದೆ. ಅದನ್ನು ಆಟಗಾರನೇ ಸರಿಪಡಿಸಲು ನಿಯಮ 1960ರಿಂದಲೂ ಅವಕಾಶ ಕೊಟ್ಟಿದೆ. ಬೂಟಿನ ಮೊಳೆಯ ಗುರುತನ್ನೂ 2019ರಿಂದ ಅಳಿಸಬಹುದು. ಅರ್ಧ ನಿಮಿಷದ ಕೆಲಸ. ಸಂಜೆ ಎಲ್ಲರೂ ಹೋದ ಮೇಲೆ ನನ್ನ ವಿದ್ಯಾರ್ಥಿ ಎರಡು ಮೊನೆಯ ಪುಟ್ಟ ಫೋರ್ಕು ಹಿಡಿದು ಗ್ರೀನ್‌ನಿಂದ ಗ್ರೀನ್‌ಗೆ ಹೋಗುತ್ತಾನೆ. ಒಂದೊಂದರಲ್ಲೂ ಹತ್ತು ಹನ್ನೆರಡು ಕುಳಿ ಹಾಗೆಯೇ ಉಳಿದಿರುತ್ತವಂತೆ.