ಗುಂಡ್ಯದಲ್ಲಿ ನಿಂತ ಲಾರಿ

ಶಿರಾಡಿ ಘಾಟಿ ಇಳಿದರೆ ಗುಂಡ್ಯ. ಸಕಲೇಶಪುರದತ್ತ ಹೊರಟ ಲಾರಿಗಳು ಏರು ಹತ್ತುವ ಮುನ್ನ ಇಲ್ಲಿ ಚಹಾಕ್ಕೆ ನಿಲ್ಲುವುದುಂಟು. ಹಾಗೆ ನಿಂತಿದ್ದ ಹಳೆಯ ಲಾರಿಯೊಂದರ ಅಡಿಯಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ಆಯಿಲ್ ಬತ್ತಿದರೆ ಘಾಟಿಯ ನಡುವೆಯೇ ಎಂಜಿನ್ ಜಾಮ್!

ಎಂಜಿನ್ ತಣಿದ ಮೇಲೆ ಕ್ಲೀನರ್ ಹುಡುಗ ಅದನ್ನು ಚೆನ್ನಾಗಿ ಒರೆಸಿ, ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿದ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿದಾಗ ಟ್ಯಾಪೆಟ್ ಕವರಿನ ಅಂಚಿನಲ್ಲಿ ಪೌಡರ್ ಒದ್ದೆಯಾಯಿತು. ನೋಡಿ ಮಕ್ಕಳೇ, ತೊಟ್ಟಿಕ್ಕಿದ್ದು ಕೆಳಗೆ, ಸೋರಿದ್ದು ಮೇಲೆ. ಮತ್ತೆ ಎಂಜಿನ್ ನಿಲ್ಲಿಸಿ, ಸಡಿಲವಾಗಿದ್ದ ಬೋಲ್ಟುಗಳನ್ನು ಹದವಾಗಿ ಬಿಗಿದ. ಅತಿಯಾಗಿ ಬಿಗಿದರೆ ಕಾರ್ಕ್ ಪ್ಯಾಕಿಂಗೇ ಸೀಳುತ್ತದೆಂದು ನನಗೆ ತಿಳಿಹೇಳಿದ. (ಒತ್ತಡದ ಪಾಠ ಮಾಡುವವನು ನಾನು!)

ಇಳಿಜಾರಿನಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಚಾಲಕ ಲಾರಿಯನ್ನು ಸಮತಟ್ಟು ನೆಲಕ್ಕೆ ತಂದು, ಹತ್ತು ನಿಮಿಷ ಬಿಟ್ಟು ಎಳೆದು ನೋಡಿದ. ಅರ್ಧ ಲೀಟರ್ ಸುರಿದು ಹೊರಟರು. ನಮ್ಮ ಬಸ್ಸೂ ಅವರ ಹಿಂದೆಯೇ ಏರು ಹತ್ತಿತು.