ಹಡಗಿನ ಚುಕ್ಕೆ ಎಲ್ಲಿ ಮಾಯವಾಯಿತು?

ಮಕ್ಕಳೇ, ನಿಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಎಲ್ಲಿಂದ ಬರುತ್ತದೆ? ಶಿಕಾರಿಪುರದ ನನ್ನ ತರಗತಿಯಲ್ಲಿ ಹೀಗೆ ಕೇಳಿದಾಗ, "ಪೇಟೆಯ ಗ್ಯಾಸ್ ಏಜೆನ್ಸಿಯಿಂದ" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಸರಿಯೇ. ಆದರೆ 2023-24ರಲ್ಲಿ ನಮ್ಮ ದೇಶ ಬಳಸಿದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ, ಹಡಗಿನಲ್ಲಿ ಬಂದದ್ದು. ಅಂಥ ಒಂದು ಹಡಗಿನಲ್ಲಿ ನನ್ನ ತಮ್ಮ ಕೆಲಸ ಮಾಡುತ್ತಾನೆ. ಆ ಹಡಗು ನಮ್ಮನ್ನು ಎರಡು ದಿನ ಹೆದರಿಸಿದ ಕಥೆ ಕೇಳಿ.

ನನ್ನ ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಅವ್ವ ಸಮುದ್ರವನ್ನೇ ಕಂಡವಳಲ್ಲ. "ಗ್ಯಾಸನ್ನ ಹಡಗಿನಾಗೆ ಹೆಂಗೆ ತುಂಬ್ತಾರೆ?" ಎಂದು ಕೇಳುತ್ತಿದ್ದಳು. ಅನಿಲವನ್ನು ಚೆನ್ನಾಗಿ ತಂಪು ಮಾಡಿದರೆ ಅದು ದ್ರವವಾಗುತ್ತದೆ. ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ ದ್ರವರೂಪ ತಾಳುತ್ತದೆ. ದ್ರವವಾದಾಗ ಅದಕ್ಕೆ ಬೇಕಾದ ಜಾಗ ಇನ್ನೂರು ಪಟ್ಟಿಗಿಂತಲೂ ಕಡಿಮೆಯಾಗುತ್ತದೆ! ದೊಡ್ಡ ಅನಿಲ ಹಡಗಿನ ಉದ್ದ ಸುಮಾರು 225 ಮೀಟರ್. ಅದು ಹೊರುವುದು ಸುಮಾರು 45,000 ಟನ್. ಒಂದು ಸಿಲಿಂಡರಿನಲ್ಲಿರುವುದು 14.2 ಕಿಲೋ ಅನಿಲ. ಹಾಗಾದರೆ ಒಂದು ಹಡಗಿನಿಂದ ಎಷ್ಟು ಸಿಲಿಂಡರ್ ತುಂಬಬಹುದು? ಲೆಕ್ಕ ಹಾಕಿ. 30 ಲಕ್ಷಕ್ಕೂ ಹೆಚ್ಚು!

ದಾರಿಯಲ್ಲಿ ಹೊರಗಿನ ಬಿಸಿಗೆ ಸ್ವಲ್ಪ ದ್ರವ ಆವಿಯಾಗುತ್ತಲೇ ಇರುತ್ತದೆ. ಹಡಗಿನ ಯಂತ್ರಗಳು ಆ ಆವಿಯನ್ನು ಒತ್ತಿ, ತಂಪು ಮಾಡಿ, ಮತ್ತೆ ತೊಟ್ಟಿಗೆ ಕಳಿಸುತ್ತವೆ. ಆ ಯಂತ್ರಗಳನ್ನು ನೋಡಿಕೊಳ್ಳುವುದೇ ತಮ್ಮನ ಕೆಲಸ.

ಹಡಗು ಎಲ್ಲಿದೆ ಎಂದು ತಿಳಿಯಲು ಒಂದು ವ್ಯವಸ್ಥೆ ಇದೆ. ಅದರ ಹೆಸರು ಎ.ಐ.ಎಸ್. ಹಡಗು ತನ್ನ ಗುರುತು, ಇರುವ ಸ್ಥಳ, ವೇಗ, ದಿಕ್ಕು ಇವುಗಳನ್ನು ಕೆಲವೇ ಸೆಕೆಂಡಿಗೊಮ್ಮೆ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. 2004ರ ಕೊನೆಯ ಹೊತ್ತಿಗೆ ದೇಶದಿಂದ ದೇಶಕ್ಕೆ ಹೋಗುವ ದೊಡ್ಡ ಹಡಗುಗಳಿಗೆಲ್ಲ ಇದು ಕಡ್ಡಾಯವಾಯಿತು. ದಡದ ಗ್ರಾಹಕಗಳು ಹಿಡಿದ ಈ ಸಂಕೇತಗಳನ್ನು ಮೊಬೈಲಿನ ನಕ್ಷೆಯಲ್ಲಿ ನಾವೂ ನೋಡಬಹುದು.

ಒಂದು ಮಳೆಗಾಲ ತಮ್ಮನ ಹಡಗು ಕೊಲ್ಲಿ ದೇಶದಿಂದ ಮಂಗಳೂರಿಗೆ ಹೊರಟಿತು. ನಾಲ್ಕೈದು ದಿನಗಳ ದಾರಿ. "ಚುಕ್ಕೆ ಎಲ್ಲಿಗೆ ಬಂತೇ?" ಎಂದು ಅವ್ವ ಗಳಿಗೆಗೊಮ್ಮೆ ಕೇಳುತ್ತಿದ್ದಳು. ಎರಡನೆಯ ದಿನ ನಕ್ಷೆ ತೆರೆದರೆ ಚುಕ್ಕೆಯೇ ಇಲ್ಲ! ಹೊರಗೆ ಗಾಳಿ, ಮಳೆ. ತಮ್ಮನಿಗೆ ಫೋನ್ ಹೋಗುತ್ತಿಲ್ಲ. ಅವ್ವ ಅನ್ನದ ತಟ್ಟೆ ಸರಿಸಿ ಎದ್ದಳು. ವಿಜ್ಞಾನ ಕಲಿಸುವ ನನಗೂ ಕೈ ನಡುಗಿತು.

ಹಡಗಿನ ಕಚೇರಿಗೆ ಫೋನ್ ಮಾಡಿದೆ. "ಹಡಗು ಸುರಕ್ಷಿತವಾಗಿದೆ. ಇವತ್ತು ಮಧ್ಯಾಹ್ನದ ವರದಿ ಬಂದಿದೆ" ಎಂದರು. ಪ್ರತಿದಿನ ಮಧ್ಯಾಹ್ನ ಹಡಗಿನ ಕಪ್ತಾನರು ಸ್ಥಳ, ವೇಗ, ಉಳಿದ ಇಂಧನ ಮುಂತಾದ ವಿವರಗಳನ್ನು ಉಪಗ್ರಹದ ಮೂಲಕ ಕಚೇರಿಗೆ ಕಳಿಸುತ್ತಾರಂತೆ.

ಹಾಗಾದರೆ ಚುಕ್ಕೆ ಏಕೆ ಮಾಯವಾಯಿತು? ಅವ್ವನಿಗೆ ಅಟ್ಟದ ಮೇಲಿದ್ದ ಕುಂಬಳಕಾಯಿ ತಂದು ತೋರಿಸಿದೆ. ಅದರ ಮೇಲೆ ಅಂಟಿಸಿದ ಎರಡು ತೊಗರಿಕಾಳು ಹತ್ತಿರವಿದ್ದರೆ ಒಂದಕ್ಕೊಂದು ಕಾಣುತ್ತವೆ. ದೂರವಾದರೆ ಕುಂಬಳಕಾಯಿಯ ಉಬ್ಬೇ ಅಡ್ಡ ಬರುತ್ತದೆ. ಭೂಮಿಯೂ ಹಾಗೆಯೇ ದುಂಡಗಿದೆ. ಎ.ಐ.ಎಸ್. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ನಡುಗಡಲಿನ ಹಡಗಿನ ಸಂಕೇತ ದಡಕ್ಕೆ ಮುಟ್ಟುವುದಿಲ್ಲ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಸಿಗುತ್ತದೆ. ಆದರೆ ನಾವು ನೋಡುತ್ತಿದ್ದ ನಕ್ಷೆಯಲ್ಲಿ ಉಪಗ್ರಹದ ಮಾಹಿತಿ ಇರಲಿಲ್ಲ.

"ಅಂದ್ರೆ ಹಡಗು ಉಬ್ಬಿನ ಆಚೆಗೈತೆ, ಅಷ್ಟೇ ತಾನೆ?" ಎಂದಳು ಅವ್ವ. ಅಂದು ರಾತ್ರಿ ಊಟ ಮಾಡಿದಳು. ಮತ್ತೊಂದು ದಿನ ಕಳೆದು ಪಣಂಬೂರಿನ ಹತ್ತಿರ ಚುಕ್ಕೆ ಮತ್ತೆ ಮೂಡಿತು. ಆ ಸಂಜೆ ತಮ್ಮನ ಫೋನೂ ಬಂತು.

ಮಾಡಿ ನೋಡಿ: ದೊಡ್ಡ ಹಡಗುಗಳಿಗೆ ಏಳು ಅಂಕಿಗಳ ಐ.ಎಂ.ಒ. ಸಂಖ್ಯೆ ಇರುತ್ತದೆ. ಹಡಗಿನ ಹೆಸರು ಬದಲಾದರೂ ಇದು ಬದಲಾಗದು. ಉದಾಹರಣೆಗೆ 9074729. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತ 139. ಅದರ ಕೊನೆಯ ಅಂಕಿ 9, ಸಂಖ್ಯೆಯ ಕೊನೆಯ ಅಂಕಿಯೂ 9! ಬರೆಯುವಾಗ ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಯಾವುದಾದರೂ ಅಂಕಿ ಬದಲಿಸಿ ನೀವೇ ಪರೀಕ್ಷಿಸಿ.